ಹತ್ತು ನಿಮಿಷ ಕುದಿಸಿದರೆ ಸಾಕು

ಜಪಾನಿನ ಯೊನೆಜಾವಾ ಊರಿನ ಹೊಳೆ ಪಕ್ಕದ ನಮ್ಮ ಬೀದಿಯಲ್ಲಿ ಹನ್ನೆರಡು ಮನೆ. ನಾಲ್ಕನೆಯದು ನನ್ನದು, ಐದನೆಯದು ತೊಮೊಎ ನಿಶಿಗಾಕಿಯದು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೊರಗೆ ದುಡಿಯಲು ಹೋಗುವಂತಿರಲಿಲ್ಲವಾದ್ದರಿಂದ ಅವಳು ಮನೆಯಲ್ಲೇ ಕೂತು ಅಂತರ್ಜಾಲದ ಪುಟಗಳಿಗೆ ಬರೆದುಕೊಡುತ್ತಿದ್ದಳು. ಅಕ್ಷರಕ್ಕೆ ಅರ್ಧ ಯೆನ್. ಬೆನ್ನುನೋವಿಗೆ ಎಂಥ ದಿಂಬು, ಬೆಕ್ಕಿಗೆ ಜ್ವರ ಬಂದರೆ ಏನು ಮಾಡಬೇಕು, ಮುನಿದ ಗಂಡನನ್ನು ಒಲಿಸುವುದು ಹೇಗೆ, ಎಲ್ಲಕ್ಕೂ ಇವಳೇ ಪಂಡಿತೆ. ಇವಳ ಮನೆಯಲ್ಲಿ ಬೆಕ್ಕಿರಲಿಲ್ಲ. ಗಂಡ ಲಾರಿ ಓಡಿಸುವವನು, ಕೂತು ಮುನಿಸಿಕೊಳ್ಳುವಷ್ಟು ಹೊತ್ತು ಮನೆಯಲ್ಲಿ ಇರುತ್ತಲೇ ಇರಲಿಲ್ಲ.

"ಇದ್ರಲ್ಲೂ ಸುಖ ಇದೆ ಅಕ್ಕ," ಅನ್ನುತ್ತಿದ್ದಳು. "ಅತ್ತೆಗೆ ಗಂಜಿ ಕುಡಿಸ್ತಾ ಕುಡಿಸ್ತಾ ಎರಡು ಸಾಲು ಬರೀತೀನಿ. ಯಾರ ಮುಂದೂ ತಲೆ ಬಗ್ಗಿಸ್ಬೇಕಾಗಿಲ್ಲ."

"ಹೆಸರು ಹಾಕ್ತಾರೇನೆ?"

"ಇಲ್ಲ. ಅದೂ ಒಂದು ಸುಖಾನೇ!"

ಇಬ್ಬರೂ ನಕ್ಕಿದ್ದೆವು. ಕಷ್ಟವನ್ನೂ ಅವಳು ಮುಚ್ಚಿಡುತ್ತಿರಲಿಲ್ಲ. ಎರಡು ದಿನಕ್ಕೆ ಮೂರು ಸಾವಿರ ಅಕ್ಷರ ಕೊಡಬೇಕು. ಬೇರೆಯವರ ನಾಲ್ಕು ಪುಟ ತೆರೆದು, ಮಾತು ತಿರುಚಿ, ಕಲಸಿ ಕಳಿಸುವುದೇ ಕೆಲಸ. ಕೆಲಸ ಕೊಡುವವನ ಮುಖ ಕಂಡಿಲ್ಲ. "ಅನುಭವದ ಮಾತು ಸೇರಿಸಿ" ಎಂದು ಅವನಿಂದ ಒಂದು ಸಾಲು ಬಂದರೆ ಇವಳು ಇಲ್ಲದ ಅಜ್ಜಿಯನ್ನು ಹುಟ್ಟಿಸುತ್ತಿದ್ದಳು.

ಆ ಏಪ್ರಿಲ್‌ನಲ್ಲಿ, ಮನೆಯಿಂದ ಮನೆಗೆ ಸುತ್ತುವ ಬೀದಿಯ ಸೂಚನಾ ಹಲಗೆ ನನ್ನ ಮನೆಗೆ ಬಂತು. ಓದಿ, ಓದಿದ್ದಕ್ಕೆ ನಮ್ಮ ಹೆಸರಿನ ಮುದ್ರೆ ಒತ್ತಿ ಮುಂದಿನ ಮನೆಗೆ ಕೊಡುವುದು ರೂಢಿ. ಮುದ್ರೆ ಎಲ್ಲರೂ ಒತ್ತುತ್ತೇವೆ, ಓದುವವರು ಯಾರು? ನಾನೂ ಒತ್ತಿ, ತೊಮೊಎ ಕೈಗೆ ಕೊಟ್ಟೆ. ಅವಳು ಓದಿದಳು. ನೋಡನೋಡುತ್ತಲೇ ಅವಳ ಮುಖ ಬಿಳುಚಿಕೊಂಡಿತು.

ಹಿಮ ಕರಗಿದೊಡನೆ ನಾವೆಲ್ಲ ಹೊಳೆದಂಡೆಗೆ ಸೊಪ್ಪು ಕೀಳಲು ಹೋಗುತ್ತೇವೆ. ಬೆಳ್ಳುಳ್ಳಿ ವಾಸನೆಯ ನಿರಾ ಸೊಪ್ಪಿನ ನಡುವೆ ಅದರಂಥದೇ ಎಲೆಯ ಸುಯಿಸೆನ್ ಹೂಗಿಡ ಬೆಳೆದಿರುತ್ತದೆ, ಅದು ವಿಷ. ಯಾರಿಗೂ ಏನೂ ಆಗದಿರಲಿ ಎಂದು ಬೀದಿಯ ಹಿರಿಯ ಕುರಾಮೊಚಿ ತಾತ ಅಂತರ್ಜಾಲದ ಒಂದು ಪುಟ ಅಚ್ಚು ತೆಗೆದು ಹಲಗೆಗೆ ಸಿಕ್ಕಿಸಿದ್ದ. ವಿಷದೆಲೆ ಬೆರೆತಿದ್ದರೂ ಹೆದರಬೇಡಿ, ಬೂದಿ ನೀರಿನಲ್ಲಿ ಹತ್ತು ನಿಮಿಷ ಕುದಿಸಿದರೆ ಸಾಕು, ನಮ್ಮ ಬೆಟ್ಟದಜ್ಜಿ ಅರವತ್ತು ವರ್ಷ ಹಾಗೇ ಮಾಡಿದ್ದಾರೆ ಎಂದು ಅದರಲ್ಲಿತ್ತು.

"ಇದು ನಾನು ಬರ್ದಿದ್ದು ಅಕ್ಕ," ಅಂದಳು. "ಬೂದಿ ನೀರು ವರಾಬಿ ಜರಿಗಿಡದ ಚಿಗುರಿನ ಕಹಿ ತೆಗೆಯೋಕೆ. ಎರಡು ಪುಟ ಕಲಸ್ಬಿಟ್ಟಿದೀನಿ. ಈ ವಿಷ ಕುದಿಸಿದ್ರೆ ಹೋಗಲ್ಲ."

"ನಿಂಗೆ ಗೊತ್ತಿರ್ಲಿಲ್ವೇನೆ?"

"ಗೊತ್ತಿತ್ತು. ತಿರುಗಿ ಓದ್ಲಿಲ್ಲ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಹಲಗೆಯ ಮೇಲೆ ಇನ್ನೂ ಆರದ ನನ್ನ ಮುದ್ರೆ ಕಣ್ಣಿಗೆ ಬಿತ್ತು, ನಾಚಿಕೆಯಾಗಿ ಬಾಯಿ ಮುಚ್ಚಿದೆ.

ಇಬ್ಬರೂ ತಾತನ ಮನೆಗೆ ಓಡಿದೆವು. ತೊಮೊಎ ಹೇಳಿದ್ದನ್ನು ಅವನು ನಂಬಲಿಲ್ಲ.

"ನಾನೇನು ಹುಡುಗಾಟ ಆಡ್ತೀನೇನಮ್ಮಾ? ನಾಲ್ಕು ಕಡೆ ನೋಡಿ ಹಾಕಿದೀನಿ," ಎಂದು ಫೋನು ತೋರಿಸಿದ. ನಾಲ್ಕರಲ್ಲೂ ಹತ್ತು ನಿಮಿಷ. ಒಂದರಲ್ಲಿ ಅಜ್ಜಿ ಹೋಗಿ ಅಜ್ಜ ಬಂದಿದ್ದ, ಇನ್ನೊಂದರಲ್ಲಿ ಅರವತ್ತು ವರ್ಷ ಎಪ್ಪತ್ತಾಗಿತ್ತು. ಇವಳಂತೆಯೇ ಯಾರೋ ಗಂಜಿ ಕುಡಿಸುತ್ತ ಇವಳದನ್ನೇ ಕದ್ದು ಬರೆದಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ತೊಮೊಎ ಹಣೆಯನ್ನು ನೆಲಕ್ಕೆ ಒತ್ತಿದಳು. "ನಾಲ್ಕೂ ನನ್ನದೇ ಸುಳ್ಳು ತಾತ. ನನಗೆ ಅಂಥ ಅಜ್ಜೀನೇ ಇಲ್ಲ."

ತಾತ ಫೋನು ಕೆಳಗಿಟ್ಟು, "ಮೊದಲ್ನೇ ಮನೆಯವ್ರು ಬೆಳಿಗ್ಗೆ ಸೊಪ್ಪಿಗೆ ಹೋಗಿದ್ರು," ಅಂದ.

ತೊಮೊಎ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು, ಹಿಂದೆಯೇ ನಾನು. ಆ ಮನೆಯ ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಸೊಪ್ಪಿನ ಬುಟ್ಟಿ ಇನ್ನೂ ತುಂಬಿಯೇ ಇತ್ತು. ಅದನ್ನು ಅಂಗಳದಲ್ಲಿ ಸುರಿದು, ಒಂದೊಂದೇ ಎಲೆ ಮುರಿದು ಮೂಸಿ ನೋಡಿದೆವು. ಬೆಳ್ಳುಳ್ಳಿ ವಾಸನೆ ಇಲ್ಲದವು ಏಳು ಸಿಕ್ಕವು.

ಆಮೇಲೆ ಅವಳು ಒಂದು ಬಾಗಿಲನ್ನೂ ಬಿಡಲಿಲ್ಲ. ಎಲ್ಲ ಮನೆಯ ಮುಂದೆಯೂ ಬಗ್ಗಿ, "ಆ ಪುಟ ನಂಬ್ಬೇಡಿ, ಅದನ್ನ ಬರ್ದೋಳು ನಾನೇ," ಅಂದಳು. ಕೆಲವರು ಸಮಾಧಾನ ಹೇಳಿದರು, ಕೆಲವರು ಬಾಗಿಲು ಎಳೆದುಕೊಂಡರು. ಕೆಲಸ ಕೊಟ್ಟವನಿಗೂ ಬರೆದಳು. ಆ ಪುಟವನ್ನು ಬೇರೆಯವರಿಗೆ ಮಾರಿಯಾಗಿದೆ, ಈಗ ಅದು ನಮ್ಮದಲ್ಲ ಎಂದು ಉತ್ತರ ಬಂತು.

"ಎಲ್ರಿಗೂ ಹೇಳಿ ಆಯ್ತಲ್ಲ, ಇನ್ನು ಬಿಡೇ," ಅಂದೆ.

"ನಮ್ಮ ಬೀದಿಯವ್ರಿಗೆ ಹೇಳ್ದೆ ಅಕ್ಕ," ಅಂದಳು. "ಅದನ್ನ ಓದಿದ ಮಿಕ್ಕವ್ರ ಮನೆ ಎಲ್ಲಿದೆ ಅಂತ ನಂಗೆ ಗೊತ್ತಿಲ್ಲ."