ಮಾವ ಆಡದ ಮಾತು

ನನ್ನ ಮಾವ ಮಿತಭಾಷಿ. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮೂರು ವಲಾಂಡಿಯಲ್ಲಿ ಹೊಲದ ಬದುವಿನ ತಕರಾರೋ ಅಣ್ಣತಮ್ಮಂದಿರ ಪಾಲಿನ ಜಗಳವೋ ಎದ್ದರೆ ಜನ ಅವರನ್ನು ಕರೆದೊಯ್ಯುತ್ತಿದ್ದರು. ಅವರು ಎರಡೂ ಕಡೆಯವರದು ಕೇಳಿ ಕೊನೆಗೊಂದು ಮಾತು ಹೇಳುತ್ತಿದ್ದರು, ಆ ಮಾತು ನಿಲ್ಲುತ್ತಿತ್ತು. ಭಾಲ್ಕಿ ಕಡೆಯಿಂದ ಸೊಸೆಯಾಗಿ ಬಂದ ನನಗೆ ಅದರ ತೂಕ ಬೇಗನೆ ತಿಳಿಯಿತು.

ಒಂದು ಮುಂಗಾರಿನಲ್ಲಿ ಅವರು ಸೋಯಾ ಬೀಜ ತರಲು ಉದಗೀರಕ್ಕೆ ಹೋಗಿದ್ದರು. ಅಲ್ಲೊಂದು ಹೊಸ ಮೊಬೈಲ್ ಅಂಗಡಿಯ ಉದ್ಘಾಟನೆ ನಡೆದಿತ್ತು. ಹಿರಿಯರೆಂದು ಕರೆದು ಕೂರಿಸಿ, ಚಹಾ ಕೊಟ್ಟು, ಕೈಗೊಂದು ಫೋನು ಹಿಡಿಸಿ ಫೋಟೊ ತೆಗೆದರಂತೆ. ಮನೆಗೆ ಬಂದ ಮಾವ ಅದನ್ನು ನಮಗೆ ಹೇಳಲೂ ಇಲ್ಲ. ಬಿತ್ತನೆಯ ಗಡಿಬಿಡಿಯಲ್ಲಿ ಮರೆತಿದ್ದರು. ಆಮೇಲೆ ಉದಗೀರದ ಕಡೆ ಹೋಗುವ ಪ್ರಸಂಗವೂ ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ನಮ್ಮ ಓಣಿಯ ಒಬ್ಬ ವಿಧವೆ ಅಂಗಳಕ್ಕೆ ಬಂದು ನಿಂತಳು. ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವವಳು.

"ಕಾಕಾ, ನೀವು ಹೇಳೀರಿ ಅಂತ ನಾ ಆ ಫೋನು ತೊಗೊಂಡೆ. ವರ್ಷಪೂರ್ತಿ ಅರ್ಧಾ ಬಿಲ್ಲು ಉಳೀತದ ಅಂದಿದ್ರಿ. ಈಗ ನೋಡಿದ್ರ ಮೊದಲಿನಕಿಂತ ಜಾಸ್ತಿ ಬರ್ಲತದ. ಬ್ಯಾಡ ಅಂದ್ರ, ವರ್ಷ ಮುಗಿಯೋತನಾ ಬಿಡಾಕ ಬರಲ್ಲ ಅಂತಾರ."

"ನಾ ಯಾವಾಗ ಹೇಳೀನವ್ವಾ?"

"ಉದಗೀರದಾಗ ಅಂಗಡಿ ಮ್ಯಾಲ ನಿಮ್ಮ ಫೋಟೋ ಹಚ್ಯಾರಲ್ರೀ. ನೀವೇ ಹೇಳ್ದಂಗ ಬರದಾರ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲೋ ತನ್ನಿಂದಲೇ ತಪ್ಪಾಗಿರಬೇಕು, ಕಾಕಾ ಹೇಳಿದ್ದು ಸುಳ್ಳಾಗುವುದುಂಟೇ ಎಂಬಂತೆ ಮಾತಾಡಿದಳು. ಆ ರಾತ್ರಿ ಮಾವ ಊಟ ಮಾಡಲಿಲ್ಲ.

ಸಣ್ಣ ಅಕ್ಷರ ಕಾಣುವುದಿಲ್ಲವೆಂದು ಮರುದಿನ ನನ್ನನ್ನೂ ಕರೆದುಕೊಂಡು ಉದಗೀರಕ್ಕೆ ಹೋದರು. ಅಂಗಡಿಯ ಮೇಲೆ ಆಳೆತ್ತರದ ಅವರದೇ ಮುಖ. ಪಕ್ಕದಲ್ಲಿ ದಪ್ಪ ಮರಾಠಿಯಲ್ಲಿ, 'ನಮ್ಮ ಮನೆಯ ಫೋನಿನ ಖರ್ಚು ವರ್ಷವಿಡೀ ಅರ್ಧ ಉಳಿಯಿತು' ಎಂದಿತ್ತು. ಅದರ ತುದಿಗೊಂದು ಪುಟ್ಟ ನಕ್ಷತ್ರದ ಗುರುತು. ಬೋರ್ಡಿನ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳು. ನಾನು ನನ್ನ ಫೋನಿನಲ್ಲಿ ಅದರ ಚಿತ್ರ ತೆಗೆದು, ಹಿಗ್ಗಿಸಿ ಓದಿದೆ. ಅರ್ಧ ಉಳಿಯುವುದು ಮೊದಲ ಮೂರು ತಿಂಗಳು ಮಾತ್ರ. ಆ ಅರ್ಧವೂ ಕಂಪನಿಯ ಎಲ್ಲಕ್ಕಿಂತ ದುಬಾರಿ ಪ್ಲ್ಯಾನಿಗೆ ಹೋಲಿಸಿದಾಗ.

"ಇನ್ನೊಮ್ಮೆ ಓದವ್ವಾ," ಎಂದರು. ಓದಿದೆ.

ಅಂಗಡಿಯವನು ಕೈಮುಗಿದ. "ಇದು ಮ್ಯಾಲಿಂದ ಛಾಪಿಸಿ ಬರ್ತದರೀ ಮಾಲಕ. ಖೋಟಾ ಏನಿಲ್ಲ, ಎಲ್ಲಾ ಕೆಳಗ ಬರದದ ಅಲ್ರೀ."

"ನನ್ನ ಮಾರಿ ಇಷ್ಟು ದೊಡ್ಡದು ಮಾಡೀರಿ, ಖರೇ ಮಾತು ಅಷ್ಟು ಸಣ್ಣದು ಯಾಕ ಮಾಡೀರಪಾ?"

ಮಾವ ಬಾಗಿಲ ಬದಿಯ ಬೆಂಚಿನ ಮೇಲೆ ಕೂತರು. ಬಂದ ಗಿರಾಕಿಗಳಿಗೆಲ್ಲ, "ಫೋಟೋದಾಗಿನಂವಾ ನಾನೇ. ಆ ಮಾತು ನಾ ಆಡಿಲ್ಲ," ಎನ್ನತೊಡಗಿದರು. ದನಿ ಏರಿಸಲಿಲ್ಲ, ಯಾರನ್ನೂ ಬೈಯಲಿಲ್ಲ. ಮಧ್ಯಾಹ್ನಕ್ಕೆ ಅಂಗಡಿಯವನು ಏಣಿ ತರಿಸಿ ಬೋರ್ಡು ಇಳಿಸಿದ. ಅಡುಗೆಯವಳ ಕರಾರನ್ನೂ ರದ್ದು ಮಾಡುವುದಾಗಿ ಒಪ್ಪಿ, ಅದರಂತೆ ಮಾಡಿದ. ಆದರೆ ಇದೇ ಫೋಟೊ ಹಾಕಿದ ನಿಲಂಗಾ, ಉಮರ್ಗಾದ ಬೋರ್ಡುಗಳು ತನ್ನ ಕೈಯಲ್ಲಿಲ್ಲ ಎಂದ.

ಅದೇ ವಾರ ನಿಲಂಗಾಕ್ಕೆ ಹೋದೆವು. ಬಸ್ಸಿನಲ್ಲಿ ಮಾವ ರುಮಾಲಿನ ಸೆರಗನ್ನು ಮೂಗಿನವರೆಗೆ ಸುತ್ತಿಕೊಂಡು ಕೂತಿದ್ದರು. ಅವರು ಊರಿಂದೂರಿಗೆ ಮುಖ ಮುಚ್ಚಿಕೊಂಡು ಹೋದದ್ದನ್ನು ನಾನು ಕಂಡಿರಲಿಲ್ಲ. ನಿಲಂಗಾದ ಅಂಗಡಿಯವನಿಗೆ ಉದಗೀರದ ಸುದ್ದಿ ಮುಟ್ಟಿತ್ತು, ಹೆಚ್ಚು ಮಾತಿಲ್ಲದೆ ಬೋರ್ಡು ಇಳಿಸಿದ.

ಅಲ್ಲಿಂದ ಉಮರ್ಗಾ. ಅಲ್ಲಿ ಅವರ ಮುಖ ಇರಲೇ ಇಲ್ಲ. ಆ ಜಾಗದಲ್ಲಿ ಹಸಿರು ಇಳಕಲ್ ಸೀರೆಯ ಮುದುಕಿಯೊಬ್ಬಳು ಫೋನು ಹಿಡಿದು ನಗುತ್ತಿದ್ದಳು. ಪಕ್ಕದಲ್ಲಿ ಅದೇ ಮಾತು, ಕೆಳಗೆ ಅವೇ ಸಣ್ಣ ಅಕ್ಷರಗಳು.

"ಹೋಗ್ಲಿ ಬಿಡ್ರಿ ಮಾಮಾ, ನಿಮ್ಮದು ತೆಗದಾರಲ್ಲ," ಎಂದೆ.

"ತೆಗದಿಲ್ಲವ್ವಾ, ಬದಲಿ ಮಾಡ್ಯಾರ. ಪಾಪ, ಈಕಿಗೂ ಗೊತ್ತಿರಲಿಕ್ಕಿಲ್ಲ."

ಎದುರಿನ ಹಣ್ಣಿನವನಿಗೆ ಮುದುಕಿಯ ಗುರುತಿತ್ತು. ಮಾಕಣಿಯವಳು, ಸಂತೆಗೆ ಬದನೆಕಾಯಿ ತರುತ್ತಾಳೆ ಎಂದ. ಮಾಕಣಿಗೆ ಹೋಗಿ ಕೇಳುತ್ತ ಮನೆ ಹುಡುಕಿದೆವು. ಅವಳು ಬಾಗಿಲ ಮುಂದೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ತವರು ಆಳಂದ ಕಡೆಯಂತೆ, ನಮ್ಮ ಕನ್ನಡ ಕೇಳಿಯೇ ಮುಖ ಅರಳಿತು.

"ನನ್ನ ಫೋಟೋ ನೋಡಿ ಬಂದ್ರೇನ್ರಿ? ರೇಶನ್ ಕಾರ್ಡಿಗೆ ಬಿಟ್ರ ನನ್ನ ಫೋಟೋ ಯಾರೂ ತೆಗದಿದ್ದಿಲ್ಲ. ಎಷ್ಟು ಛಂದ ತೆಗದಾರ ನೋಡ್ರಿ!"

ಮಾವ ನೀರು ಕುಡಿದು ಚೊಂಬು ಕೆಳಗಿಟ್ಟರು. ನ್ಯಾಯಪಂಚಾಯ್ತಿಯಲ್ಲಿ ಎಂದೂ ತಡವರಿಸದವರು ಅಂದು ಮಾತಿಗೆ ತಡಕಾಡಿದರು. ಕೊನೆಗೆ ಎಲ್ಲವನ್ನೂ ಹೇಳಿದರು. ಬರೆದದ್ದೇನು, ಸಣ್ಣ ಅಕ್ಷರದಲ್ಲಿರುವುದೇನು, ನಮ್ಮ ಓಣಿಯ ಅಡುಗೆಯವಳಿಗೆ ಆದದ್ದೇನು. ಮುದುಕಿಯ ಕೈ ಮೊರದ ಮೇಲೆ ನಿಂತಿತು.

"ನನಗ ಓದಾಕ ಬರಲ್ಲಣ್ಣಾ. ಮೊನ್ನಿ ಸಂತ್ಯಾಗ ನಮ್ಮ ಮಂದಿ ನನ್ನ ನೋಡಿ ಕೇಳಿದ್ರು, ಖರೇನಾ ಮಾವಶಿ ಅಂತ. ನಾ ನಕ್ಕೆ."

ಅವಳು ತೊಗರಿಯನ್ನು ಒಳಗಿಟ್ಟು, ತಲೆ ಮೇಲೆ ಸೆರಗು ಹೊದ್ದು ಬಂದಳು. "ನಡೀರಿ."

ಉಮರ್ಗಾದ ಅಂಗಡಿಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ಈ ಸಲ ಹೆಚ್ಚು ಮಾತಾಡಿದ್ದು ಅವಳೇ, ಅಪ್ಪಟ ಮರಾಠಿಯಲ್ಲಿ, ಬೀದಿಗೆಲ್ಲ ಕೇಳುವಂತೆ. ಹೊತ್ತು ಇಳಿಯುವಷ್ಟರಲ್ಲಿ ಬೋರ್ಡೂ ಇಳಿಯಿತು. ಅವಳು ಅಂಗಡಿಯವನಿಂದ ಕತ್ತರಿ ಇಸಿದುಕೊಂಡಳು. ಬರಹದ ಭಾಗವನ್ನು ಕತ್ತರಿಸಿ ಅಲ್ಲೇ ಬಿಟ್ಟು, ತನ್ನ ಮುಖವಿದ್ದ ತುಂಡನ್ನು ಜೋಪಾನವಾಗಿ ಮಡಚಿ, ಬಗಲಲ್ಲಿಟ್ಟುಕೊಂಡು ಮಾಕಣಿಯ ಬಸ್ಸು ಹತ್ತಿದಳು.