ಏಳನೇ ಬೆಡ್ಡಿನ ಬೆಲ್

ದೆವ್ವ ಕಂಡೆ ಎನ್ನುವವರನ್ನೆಲ್ಲ ‘ಎಷ್ಟು ಗಂಟೆಗೆ? ಯಾವ ಗಡಿಯಾರದಲ್ಲಿ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವಳು ನಾನು. ಕೆಲಸವೇ ಅಂಥದ್ದು. ಚೆನ್ನೈನಲ್ಲಿ ಕಂಪ್ಯೂಟರುಗಳ ಸಮಯದ ಎಡವಟ್ಟು ಸರಿಪಡಿಸಿ ಹೊಟ್ಟೆ ಹೊರೆಯುತ್ತೇನೆ. ಈಗ ಆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮ್ಮಿಷ್ಟ.

ಕೆಲವು ವರ್ಷಗಳ ಹಿಂದೆ ತಾಂಬರಂ ಕಡೆಯ ಸಣ್ಣ ಆಸ್ಪತ್ರೆಯೊಂದರಿಂದ ಫೋನ್ ಬಂತು. ಏಳನೇ ಬೆಡ್ಡಿನ ಹಿರಿಯರೊಬ್ಬರು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ತೀರಿಕೊಂಡಿದ್ದರು. ಆದರೆ ಅವರು ನರ್ಸನ್ನು ಕರೆಯುವ ಬೆಲ್ ಒತ್ತಿದ್ದು ಮಧ್ಯಾಹ್ನ ಮೂರೂ ನಲವತ್ತಕ್ಕೆ ಎಂದು ದಾಖಲೆ ತೋರಿಸುತ್ತಿತ್ತು. ವಾರ್ಡಿನಲ್ಲೆಲ್ಲ ಗುಸುಗುಸು. ನನಗೋ ನಗು.

ಕಂಪ್ಯೂಟರುಗಳು ಲೋಕಕ್ಕೆಲ್ಲ ಒಂದೇ ಆದ ಯುಟಿಸಿ ಸಮಯ ಬರೆದಿಡಬೇಕು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಳನೇ ಬೆಡ್ಡಿನ ಬೆಲ್ಲಿಗೆ ಜೋಡಿಸಿದ್ದ ಹಳೇ ಪೆಟ್ಟಿಗೆಯ ಪೈಥಾನ್ ಪ್ರೋಗ್ರಾಂ ಚೆನ್ನೈ ಸಮಯವನ್ನೇ ಬರೆದು, ಅದು ಎಲ್ಲಿಯ ಸಮಯವೆಂದು ಹೇಳದೆ ಕಳಿಸುತ್ತಿತ್ತು. ಓದುವ ಜಾವಾ ಪ್ರೋಗ್ರಾಂ ಅದನ್ನು ಯುಟಿಸಿ ಅಂದುಕೊಂಡು ಇನ್ನೊಮ್ಮೆ ಐದೂವರೆ ಗಂಟೆ ಸೇರಿಸುತ್ತಿತ್ತು. ಆ ದಿನ ಎಂಟು ಗಂಟೆಗೆ ಅವರು ಕಾಫಿಗೆ ಕರೆದದ್ದೂ ಒಂದೂವರೆ ಎಂದು ದಾಖಲಾಗಿತ್ತು. ಅಂದಮೇಲೆ ಕೊನೆಯ ಕರೆ ಬೆಳಿಗ್ಗೆ ಹತ್ತೂ ಹತ್ತರದು. ವರದಿ ಕಳಿಸಿ ಕೈತೊಳೆದುಕೊಂಡೆ.

ಅದರ ಪರಿಣಾಮ ಹೊಳೆದದ್ದು ಮರುದಿನ, ನರ್ಸ್ ಮಂಜುಳಾ ನನ್ನೆದುರು ಬಂದು ನಿಂತಾಗ. ಸಾಯುವ ಹತ್ತು ನಿಮಿಷ ಮೊದಲು ರೋಗಿ ಕರೆದರೂ ಹೋಗಲಿಲ್ಲವೆಂದು ಅವಳನ್ನು ಕೆಲಸದಿಂದ ತೆಗೆಯಲು ಹೊರಟಿದ್ದರು. ಹೊಸೂರಿನವಳು. ನನ್ನ ಹೆಸರು ಕೇಳಿ ಕನ್ನಡದಲ್ಲೇ ಮಾತಾಡಿದಳು.

“ಹತ್ತು ಗಂಟೆಯಿಂದ ತಾತನ ಕೈ ಹಿಡ್ಕೊಂಡೇ ಕೂತಿದ್ದೆ ಮೇಡಂ. ಆಗ ಬೆಲ್ ಹೊಡೀಲೇ ಇಲ್ಲ. ಹೊಡೆದದ್ದು ಮಧ್ಯಾಹ್ನ. ಹೋಗಿ ನೋಡ್ದೆ, ಬೆಡ್ ಖಾಲಿ, ಸುತ್ತ ಯಾರೂ ಇಲ್ಲ. ವಾಪಸ್ ಬಂದು ಟೇಬಲ್ ಹತ್ರ ನಾನೇ ಆಫ್ ಮಾಡ್ದೆ.”

ಹೆದರಿ ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡೆ. ಅದನ್ನು ತೋರಿಸಿಕೊಡಲೆಂದೇ ನರ್ಸುಗಳ ಮೇಜಿನ ದಾಖಲೆ ತೆಗೆದೆ. ಅದು ಹೊಸ ಪೆಟ್ಟಿಗೆ, ಯುಟಿಸಿಯನ್ನು ಸರಿಯಾಗಿ ಬರೆಯುವಂಥದ್ದು. ಏಳನೇ ಬೆಡ್ಡಿನ ಬೆಲ್ ಆಫ್ ಆದದ್ದು ನಮ್ಮ ಲೆಕ್ಕದಲ್ಲಿ ಮಧ್ಯಾಹ್ನ ಮೂರೂ ನಲವತ್ತೆರಡಕ್ಕೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಯಾರೂ ಏನನ್ನೂ ಆಫ್ ಮಾಡಿರಲಿಲ್ಲ. ಹಳೇ ಪೆಟ್ಟಿಗೆಯ ಎಡವಟ್ಟಿನಲ್ಲಿ ಮೂರೂ ನಲವತ್ತರ ಬೆಲ್ ರಾತ್ರಿ ಒಂಬತ್ತೂ ಹತ್ತು ಎಂದು ದಾಖಲಾಗಬೇಕಿತ್ತು; ಆ ಒಂದು ಕರೆಗೆ ಮಾತ್ರ ಅದು ಸರಿಯಾಗಿ ಯುಟಿಸಿ ಬರೆದಿತ್ತು.

ಮ್ಯಾನೇಜರರ ಬಳಿ ಓಡಿದೆ. ಅವರು ಶಾಂತವಾಗಿ ಕೇಳಿಸಿಕೊಂಡು, “ಸತ್ತವರು ಬೆಲ್ ಒತ್ತಿದ್ರು ಅಂತ ಬರೆದು ಸೈನ್ ಹಾಕ್ತೀರಾ ಮೇಡಂ?” ಎಂದು ತಮಿಳಿನಲ್ಲಿ ಕೇಳಿದರು. ನಾಲ್ಕು ಜನ ನಕ್ಕಾರು ಎಂಬ ಭಯ ನನಗೆ. ಸಹಿ ಹಾಕಲಿಲ್ಲ. ಆ ವಾರವೇ ಮಂಜುಳಾಳನ್ನು ತೆಗೆದರು.

ಆ ಹಳೇ ಪೆಟ್ಟಿಗೆಯನ್ನು ಆಮೇಲೆ ನೂರಾರು ಸಲ ಒತ್ತಿ ನೋಡಿದ್ದೇನೆ. ಒಂದು ಸಲವೂ ಅದು ಯುಟಿಸಿ ಬರೆಯಲಿಲ್ಲ. ಆ ಮಧ್ಯಾಹ್ನ ಮಾತ್ರ ಹೇಗೆ ಬರೆಯಿತೋ, ಒತ್ತಿದವರು ಯಾರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬೆಲ್ ಕೇಳಿ ಎದ್ದು ಹೋದವಳು ಮಂಜುಳಾ ಎಂಬುದು ಮಾತ್ರ ಗೊತ್ತಿತ್ತು. ಅಷ್ಟನ್ನಾದರೂ ಬರೆಯಬಹುದಿತ್ತು.