ಅಕಾಯಿತಿಯ ಪುಕ್ಕಟೆ ಪಾಠ

ನಮ್ಮ ಪುಟ್ಟ ದ್ವೀಪದ ಟಿಟಿಕವೆಕ ಎಂಬ ಊರಿನ ಹೊಲಿಗೆ ಗುಂಪಿನಲ್ಲಿ ಹೊಲಿಯುವವರು ಬೇಕಾದಷ್ಟು ಜನ ಇದ್ದೇವೆ. ಕತ್ತರಿಸುವವರು ಇಬ್ಬರೇ: ತೆರೆಯಾಪಿ ದೊಡ್ಡಮ್ಮ, ಮತ್ತೆ ಅವಳ ತಂಗಿಯ ಮಗಳು ಅಕಾಯಿತಿ. ಬಟ್ಟೆಯನ್ನು ಎಂಟು ಪದರವಾಗಿ ಮಡಚಿ, ಮೇಲೆ ಗೆರೆ ಎಳೆದು, ಕತ್ತರಿ ಆಡಿಸಿ ಬಿಡಿಸಿದರೆ ಇಡೀ ತೋಟವೇ ಅರಳಿಕೊಳ್ಳಬೇಕು. ಅದನ್ನು ಬೇರೆ ಬಣ್ಣದ ಬಟ್ಟೆಯ ಮೇಲೆ ಹಾಸಿ, ನಾವೆಲ್ಲ ಸುತ್ತ ಕೂತು ಕೈಯಲ್ಲಿ ಹೊಲಿದರೆ ತಿವಾಯ್‌ವಾಯ್ ಆಗುತ್ತದೆ. ಮದುವೆಗೆ ಅದೇ ಉಡುಗೊರೆ, ಸಾವಿಗೆ ಅದೇ ಹೊದಿಕೆ. ಹೊಲಿಗೆ ಕೆಟ್ಟರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಹಾಗಾಗಿ ಉಳಿದ ನಾವ್ಯಾರೂ ಕತ್ತರಿಯ ತಂಟೆಗೆ ಹೋಗುವುದಿಲ್ಲ.

ಸಾಂಕ್ರಾಮಿಕ ಹರಡಿ ಪ್ರವಾಸಿಗರ ವಿಮಾನಗಳು ನಿಂತ ವರ್ಷ ಅಕಾಯಿತಿ ಕೆಲಸ ಮಾಡುತ್ತಿದ್ದ ಹೋಟೆಲು ಬಾಗಿಲು ಹಾಕಿತು. ಬಸ್ಸು ಓಡಿಸುತ್ತಿದ್ದ ಅವಳ ಗಂಡ ರೊಂಗೊ ದೋಣಿ ಹತ್ತಿ ಮೀನಿಗೆ ಹೊರಟ. ಇವಳು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ದಾಸವಾಳ, ಹಲಸಿನ ಜಾತಿಯ ನಮ್ಮ ಕುರು ಮರದ ಎಲೆ, ಅನಾನಸು, ಹೀಗೆ ಒಂದೊಂದೇ ಚಿತ್ತಾರ ಬಿಡಿಸತೊಡಗಿದಳು. ಎಲ್ಲವೂ ಅವಳದೇ ಕಲ್ಪನೆ. ಇಂಟರ್ನೆಟ್ಟಿನಲ್ಲಿ ಒಂದು ಅಂಗಡಿ ತೆರೆದಳು. ಕೊಂಡವರಿಗೆ ಚಿತ್ತಾರ ಆ ಕ್ಷಣಕ್ಕೇ ತಲುಪುತ್ತದೆ. ಅವರು ಅದನ್ನು ಮನೆಯಲ್ಲೇ ಪ್ರಿಂಟ್ ತೆಗೆದು, ಹಾಳೆಗೆ ಹಾಳೆ ಅಂಟಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸಿಕೊಳ್ಳಬೇಕು.

“ಸಾಮಾನು ಎಲ್ಲೇ?” ಅಂತ ನಾನೇ ಕೇಳಿದ್ದೆ.

“ಸಾಮಾನು ಇಲ್ಲ ಕಣೇ. ಬರೀ ಚಿತ್ರ.”

“ಅಂದ್ರೆ ಗಾಳಿ ಮಾರ್ತೀಯ ಅನ್ನು!”

ರೊಂಗೊ ಬಲೆ ಒಣಹಾಕುತ್ತಿದ್ದವನು ನಕ್ಕ. “ನಾನು ಮೀನು ಮಾರಿದ್ರೆ ಕೈಗೆ ನಾತಾನಾದ್ರೂ ಅಂಟುತ್ತೆ. ಇವಳ ವ್ಯಾಪಾರಕ್ಕೆ ಅದೂ ಇಲ್ಲ.”

“ನಗ್ರೀ, ನಗ್ರೀ. ನಿಮ್ಮ ಹಲ್ಲು ಬಿದ್ದೋಗ್ಲಿ,” ಅಂದಳು ಅಕಾಯಿತಿ. ಅವಳಿಗೆ ತನ್ನ ಚಿತ್ತಾರದ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಅಂಗಡಿಗೆ ಬಂದವರು ನೋಡುತ್ತಿದ್ದರು, ಹೊಗಳುತ್ತಿದ್ದರು, ಹಾಗೇ ಹೋಗುತ್ತಿದ್ದರು.

ಕೊಂಡ ಕೆಲವೇ ಜನರಲ್ಲಿ ಒಬ್ಬಳು ನ್ಯೂಜಿಲೆಂಡಿನ ದಕ್ಷಿಣದ ತುದಿಯ ಗ್ಲೆನಿಸ್. ಒಂದು ದಿನ ಅವಳಿಂದ ಒಂದು ಫೋಟೊ ಬಂತು, ಜೊತೆಗೆ ಬೈಗುಳ. ಫೋಟೊದಲ್ಲಿ ಹಾಸಿಗೆಯ ತುಂಬ ಕೆಂಪು ಚೂರುಗಳು. ಕತ್ತರಿಸಬಾರದ ಮಡಿಕೆಯ ಅಂಚನ್ನೇ ಕತ್ತರಿಸಿದ್ದಳು. ಒಂದು ತೋಟವಾಗಬೇಕಿದ್ದ ಬಟ್ಟೆ ಬಿಡಿ ಬಿಡಿ ಹೂವಾಗಿ ಬಿದ್ದಿತ್ತು. “ನಿನ್ನ ಚಿತ್ತಾರವೇ ತಪ್ಪು, ನನ್ನ ಒಳ್ಳೇ ಬಟ್ಟೆ ಹಾಳಾಯಿತು” ಎಂದು ಬರೆದಿದ್ದಳು.

ಅಕಾಯಿತಿಗೆ ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ಫೋಟೊವನ್ನು ಇನ್ನೊಮ್ಮೆ ನೋಡಿ ನಗು ಬಂತು. ಅವಳು ಉತ್ತರ ಬರೆಯಲಿಲ್ಲ, ನೇರ ವಿಡಿಯೊ ಕರೆ ಮಾಡಿದಳು. “ಅಮ್ಮಾ, ಒಂದು ಹಳೇ ಹಾಸಿಗೆ ಬಟ್ಟೆ ತಗೊಂಡು ಬನ್ನಿ. ಇಬ್ರೂ ಒಟ್ಟಿಗೆ ಕತ್ತರಿಸೋಣ.”

ಗ್ಲೆನಿಸ್ ಮುಖ ಊದಿಸಿಕೊಂಡೇ ಕೂತಳು. ಮಡಿಕೆ ಹಾಕಿಸಿ, ಯಾವ ಅಂಚನ್ನು ಮುಟ್ಟಬಾರದೆಂದು ಬೆರಳಿಟ್ಟು ತೋರಿಸಿದಳು ಅಕಾಯಿತಿ. ಕತ್ತರಿಸಿ ಮುಗಿಸಿ ಗ್ಲೆನಿಸ್ ಬಟ್ಟೆಯನ್ನು ಕೊಡವಿ ಬಿಡಿಸಿದಳು. ಹೂವೆಲ್ಲ ಒಂದಕ್ಕೊಂದು ಕೈಹಿಡಿದುಕೊಂಡು ಹರಡಿಕೊಂಡವು. ಮಾರನೆಯ ದಿನ ಅವಳೇ ಇನ್ನೆರಡು ಚಿತ್ತಾರ ಕೊಂಡಳು.

“ನೋಡಿದ್ಯಾ?” ಅಕಾಯಿತಿ ನನ್ನ ಮನೆಗೆ ಬಂದು ಹೇಳಿದಳು. “ಚಿತ್ತಾರ ಎಲ್ರಿಗೂ ಇಷ್ಟಾನೇ. ಕತ್ತರಿ ಹಾಕೋಕೆ ಭಯ. ಆ ಭಯ ಬಿಡಿಸ್ತೀನಿ. ಆನ್‌ಲೈನಲ್ಲಿ ಪಾಠ ಹೇಳಿಕೊಡ್ತೀನಿ, ಮಡಚೋದ್ರಿಂದ ಹಿಡಿದು ಕೊನೇ ಹೊಲಿಗೆವರೆಗೂ. ಒಂದು ದಿಂಬಿನಷ್ಟು ಚಿಕ್ಕ ಚಿತ್ತಾರಾನೂ ಕೊಡ್ತೀನಿ. ಎಲ್ಲಾ ಪುಕ್ಕಟೆ.”

ಅವಳ ಹಿಂದೆಯೇ ಬಂದಿದ್ದ ರೊಂಗೊ ತಲೆ ಚಚ್ಚಿಕೊಂಡ. “ಪುಕ್ಕಟೆ ಸಿಕ್ಕಿದ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ ಅಂತಾರೆ. ಆಮೇಲೆ ಕೊಳ್ಳೋಕೆ ಯಾರು ಬರ್ತಾರೆ?”

“ಹೊಲಿಗೆ ಕಲಿತ ಕೈ ಸುಮ್ನಿರಲ್ಲ ರೊಂಗೊ. ದಿಂಬು ಮುಗಿಸಿದೋಳು ಮಂಚ ನೋಡ್ತಾಳೆ. ನೋಡ್ತಾ ಇರು.”

ತೆರೆಯಾಪಿ ದೊಡ್ಡಮ್ಮ ಈ ಅಂಗಡಿಯ ಸುದ್ದಿ ಕೇಳಿದಾಗಿನಿಂದ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಚಿತ್ತಾರ ಮಾರುವುದು ಅವಳಿಗೆ ಸರಿಬಂದಿರಲಿಲ್ಲ. ಪಾಠ ಪುಕ್ಕಟೆ ಎಂದು ಕೇಳಿ ಮಾತ್ರ, “ಕಲಿಸೋದಕ್ಕೆ ನಮ್ಮಲ್ಲಿ ದುಡ್ಡು ಈಸ್ಕೊಂಡೋರು ಯಾರೂ ಇಲ್ಲ. ಅಷ್ಟಾದ್ರೂ ಬುದ್ಧಿ ಇದೆ” ಅಂದಳು.

ಇಗರ್ಜಿಯ ಪಕ್ಕದ ಸಭಾಮನೆಯ ಜಗಲಿಯಲ್ಲಿ ಚಿತ್ರೀಕರಣ. ಹಿಂದಿನ ಗೋಡೆಗೆ ದೊಡ್ಡಮ್ಮನ ಹಳೇ ನೇರಳೆ ತಿವಾಯ್‌ವಾಯ್ ತೂಗುಹಾಕಿದೆವು. ರೊಂಗೊ ಫೋನು ಹಿಡಿದ. ಹುಂಜ ಕೂಗಿದರೆ ನಿಲ್ಲಿಸಿ ಮತ್ತೆ ಶುರುಮಾಡುವುದು. ಮೂರನೇ ಪಾಠ, ಅಂಚು ಹೊಲಿಯುವುದು, ನಡೆಯುತ್ತಿದ್ದಾಗ ದೊಡ್ಡಮ್ಮ ಸೀದಾ ನಡೆದುಬಂದು ಅಕಾಯಿತಿಯ ಕೈಯಿಂದ ಬಟ್ಟೆ ಕಿತ್ತುಕೊಂಡಳು.

“ಏನೇ ಇದು? ಕೋಳಿ ಕೆದರಿದ ಹಾಗಿದೆ!”

“ದೊಡ್ಡಮ್ಮ, ವಿಡಿಯೊ ನಡೀತಾ ಇದೆ…”

“ನಡೀಲಿ. ಊರಿಗೆಲ್ಲ ಇದನ್ನ ಕಲಿಸ್ತೀಯಾ? ನಿಮ್ಮಮ್ಮ ಇದ್ದಿದ್ರೆ ಕಿವಿ ಹಿಂಡೋಳು.” ಅಂದವಳೇ ಸೊಂಟದಿಂದ ಕತ್ತರಿ ತೆಗೆದು ಹೊಲಿಗೆಯನ್ನೆಲ್ಲ ಸರಸರ ಬಿಚ್ಚಿದಳು. ಪಕ್ಕದಲ್ಲಿ ಕೂತು, ಫೋನಿನ ಕಡೆ ತಿರುಗಿಯೂ ನೋಡದೆ, ಮೊದಲಿಂದ ಹೊಲಿದು ತೋರಿಸಿದಳು. ರೊಂಗೊ ಫೋನು ಇಳಿಸಲೇ ಇಲ್ಲ.

ಅಕಾಯಿತಿಗೆ ಅವಮಾನವಾಗಿತ್ತು. ಆ ವಿಡಿಯೊವನ್ನು ಅಳಿಸಿಹಾಕಬೇಕೆಂದು ಹೊರಟಳು. ಎರಡು ಸಲ ನೋಡಿದ ಮೇಲೆ ಆ ಯೋಚನೆ ಬಿಟ್ಟಳು. “ಅವಳ ಹೊಲಿಗೆ ನಂದಕ್ಕಿಂತ ಚೆನ್ನಾಗಿದೆ. ಇರೋದು ಇದ್ದ ಹಾಗೇ ಹೋಗ್ಲಿ.”

ಹೋಯಿತು. ಆಕ್ಲೆಂಡ್, ಸಿಡ್ನಿ, ಪರ್ತ್, ನಮ್ಮವರು ಇರುವಲ್ಲೆಲ್ಲ ಹೋಗಿ, ನಮ್ಮ ಹೆಸರೇ ಕೇಳದ ಊರುಗಳಿಗೂ ಹೋಯಿತು. ಜನ ಹೊಲಿದು ಫೋಟೊ ಕಳಿಸುತ್ತಿದ್ದರು. “ದೊಡ್ಡಮ್ಮ ಇದನ್ನ ಬಿಚ್ತಾರಾ, ಬಿಡ್ತಾರಾ?” ಎಂದು ಕೇಳುತ್ತಿದ್ದರು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿ ತೀರ್ಪು ಕೊಡುತ್ತಿದ್ದಳು. ಅವಳ ಬಾಯಲ್ಲಿ “ಬಿಡು, ಪರವಾಗಿಲ್ಲ” ಅನ್ನಿಸಿಕೊಂಡವರು ಹಬ್ಬ ಮಾಡುತ್ತಿದ್ದರು.

ಇಷ್ಟಾದರೂ ಅಂಗಡಿ ತಣ್ಣಗೇ ಇತ್ತು. ಕಾರಣ ಸುಲಭ. ದೊಡ್ಡಮ್ಮನಿಗೆ ಬೇಜಾರಾದೀತೆಂದು ಅಕಾಯಿತಿ ಪಾಠದಲ್ಲೆಲ್ಲೂ ಅಂಗಡಿಯ ಮಾತೇ ಎತ್ತಿರಲಿಲ್ಲ. ಆ ಮೌನ ಮುರಿದವಳು ದೊಡ್ಡಮ್ಮನೇ.

“ಏನೇ ಅಕಾಯಿತಿ, ಈ ಹೆಂಗಸ್ರು ‘ಮುಂದೆ ಏನು ಹೊಲಿಯೋಣ, ದೊಡ್ಡ ಚಿತ್ತಾರ ಎಲ್ಲಿ ಸಿಗುತ್ತೆ’ ಅಂತ ದಿನಾ ಕೇಳ್ತಿದಾರೆ. ನೀನು ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದೀಯ? ಹಸಿವು ಹುಟ್ಸಿ ಎಲೆ ಎತ್ತಿಬಿಡೋದಾ?”

“ಮಾರೋದು ನಿಂಗೆ ಇಷ್ಟ ಇಲ್ವಲ್ಲ ದೊಡ್ಡಮ್ಮ.”

“ನಮ್ಮಮ್ಮನ ಚಿತ್ತಾರ ಮಾರ್ತೀಯ ಅಂದ್ಕೊಂಡಿದ್ದೆ. ಅದನ್ನ ಮಾರಿದ್ರೆ ನಿನ್ನ ಕೈ ಮುರೀತೀನಿ. ನೀನೇ ಬಿಡಿಸಿದ್ದನ್ನ ಮಾರೋಕೆ ನಾನು ಯಾರೇ ಬೇಡ ಅನ್ನೋಕೆ?”

ಅಕಾಯಿತಿ ಆ ಮಧ್ಯಾಹ್ನವೇ ಕೊನೆಯ ಪಾಠಕ್ಕೆ ನಾಲ್ಕು ಮಾತು ಸೇರಿಸಿದಳು. ಬಣ್ಣದ ಮಾತಿಲ್ಲ: ಪಾಠ ಪುಕ್ಕಟೆ, ಯಾವಾಗಲೂ ಪುಕ್ಕಟೆ, ದೊಡ್ಡ ಚಿತ್ತಾರ ಬೇಕಾದವರಿಗೆ ನನ್ನ ಅಂಗಡಿ ಇಲ್ಲಿದೆ, ಎಲ್ಲ ನಾನೇ ಬಿಡಿಸಿದ್ದು, ನಾನೇ ಕತ್ತರಿಸಿ ನೋಡಿದ್ದು. ಅಷ್ಟೇ. ವಾರ ಕಳೆಯುವಷ್ಟರಲ್ಲಿ ಅವಳ ಫೋನು ಮಿಡಿಯುವುದು ನಿಲ್ಲದಾಯಿತು. ಕೊಂಡವರು ಕೆಡಿಸಿಕೊಂಡು ಬೈಯಲಿಲ್ಲ, ಕತ್ತರಿಸಲು ಕಲಿತೇ ಬಂದಿದ್ದರು. ರೊಂಗೊ ತಾನೇ ಹೊಸ ದೀಪ, ಫೋನು ನಿಲ್ಲಿಸುವ ಕಾಲು, ಎರಡನ್ನೂ ತಂದುಕೊಟ್ಟ.

ಗೋಡೆಯ ಮೇಲಿನ ಆ ನೇರಳೆ ಚಿತ್ತಾರವನ್ನೇ ಕೇಳಿದವರು ಬಹಳ. ದೊಡ್ಡಮ್ಮನ ತಾಯಿ ಕತ್ತರಿಸಿದ್ದು ಅದು. ಒಬ್ಬ ಬಟ್ಟೆ ವ್ಯಾಪಾರಿ ಕೇಳಿದಷ್ಟು ಕೊಡುತ್ತೇನೆ ಅಂದ. ಅಕಾಯಿತಿ ಕೊಡುವುದಿಲ್ಲ ಅಂದಳು. ಅವನು ಮತ್ತೆ ಮತ್ತೆ ಪೀಡಿಸಿದ. ಕಡೆಗೆ ದೊಡ್ಡಮ್ಮನೇ ಫೋನಿನ ಮುಂದೆ ಬಂದು, “ಇದು ನನ್ನ ಜೊತೆ ಗುಂಡಿಗೆ ಹೋಗುತ್ತೆ. ಬೇಕಿದ್ರೆ ಅಲ್ಲಿಗೇ ಬಾ” ಅಂದಳು. ಆಮೇಲೆ ಯಾರೂ ಕೇಳಲಿಲ್ಲ.

ಈಗ ವಿಮಾನಗಳು ಮತ್ತೆ ಬರುತ್ತಿವೆ, ಅಕಾಯಿತಿ ಹೊಸ ಪಾಠಗಳನ್ನು ಮಾಡುತ್ತಲೇ ಇದ್ದಾಳೆ. ಹೋದ ತಿಂಗಳು ಇನ್ನೊಂದು ಸಂಗತಿ ನಡೆಯಿತು. ದೊಡ್ಡಮ್ಮ ಒಂದು ಕಾಗದ ಮಡಚಿಕೊಂಡು ಬಂದು ಅಕಾಯಿತಿಯ ಮುಂದೆ ಬಿಡಿಸಿದಳು. ಅಲೆ, ಅಲೆಯ ನಡುವೆ ಹಾರುವ ಮೀನು. ಅಂಥದ್ದನ್ನು ನಾವ್ಯಾರೂ ಕಂಡಿರಲಿಲ್ಲ.

“ಇದು ಯಾರಮ್ಮಂದೂ ಅಲ್ಲ. ನಂದೇ. ಹಾಕು ನಿನ್ನ ಅಂಗಡೀಲಿ.”

ಅಕಾಯಿತಿ ಅದನ್ನು ದೊಡ್ಡಮ್ಮನ ಹೆಸರಿನಲ್ಲೇ ಹಾಕಿದಳು. ಸಂಜೆಯೊಳಗೆ ಮೊದಲ ಗಿರಾಕಿ ಬಂದ.

“ಯಾರಂತೆ?” ದೊಡ್ಡಮ್ಮ ಕೇಳಿದಳು.

“ನಾರ್ವೆ ಕಡೆಯವ್ರು. ಗಂಡಸು.”

“ಗಂಡಸಾ!” ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡಳು. “ನಾನಿರೋ ಮೂರನೇ ಪಾಠ ನೋಡಿದಾನಾ ಕೇಳು. ನೋಡಿಲ್ಲ ಅಂದ್ರೆ ಕತ್ತರಿ ಮುಟ್ಬೇಡ ಅನ್ನು.”